ಇನ್ನೊಂದು ಪಾರ್ಟಿ ಮನೆ ನೋಡಲು ಬಂದ ರಾತ್ರಿ

ಮನೆ ಬ್ರೋಕರ್ ಮಾತನ್ನು ಯಾರೂ ನಂಬುವುದಿಲ್ಲ, ನನಗೂ ಗೊತ್ತು. ನೀರಿನ ಟ್ಯಾಂಕರ್‌ಗೆ ಬೆನ್ನು ಒರಗಿಸಿ ನಿಂತುಕೊಂಡೇ "ಇಲ್ಲಿ ನೀರಿನ ಸಮಸ್ಯೆನೇ ಇಲ್ಲ ಮೇಡಂ" ಎಂದು ಹೇಳಿದವನು ನಾನು. ಆದರೂ ಇದು ನಡೆದದ್ದು. ನಡೆಯಿತು ಎಂದು ನಿಮ್ಮನ್ನು ಒಪ್ಪಿಸಿದರೆ ನನಗೆ ಯಾವ ಕಮಿಷನ್ನೂ ಸಿಗುವುದಿಲ್ಲ, ಉಳಿದಿರುವ ಚೂರುಪಾರು ಮರ್ಯಾದೆಯೂ ಹೋಗುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇಲ್ಲ.

ಹೆಸರು ಮುನಿರಾಜು. ಕಾಡುಗೋಡಿಯವನೇ. ವೈಟ್‌ಫೀಲ್ಡ್ ಸುತ್ತಮುತ್ತ ಹಳೇ ಫ್ಲ್ಯಾಟ್‌ಗಳನ್ನು ಮಾರಿಸಿಕೊಡುವುದು ಕಸುಬು. ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಚಿಂತೆಯಲ್ಲೇ ಬಿ.ಪಿ. ಏರಿಸಿಕೊಳ್ಳುವ ಪೈಕಿ ನಾನು.

ಕಂಪನಿಗಳು ಜನರನ್ನು ಮನೆಗೆ ಕಳಿಸತೊಡಗಿದ ಮೇಲೆ ನಮ್ಮ ಕಡೆ ಎಲ್ಲರೂ ಮಾರುವವರೇ, ಕೊಳ್ಳುವವರು ಇಲ್ಲ. ಸಂಜೆ ಹೊತ್ತು ದೊಡ್ಡ ದೊಡ್ಡ ಟವರ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಕಿಟಕಿಯಲ್ಲಿ ಮಾತ್ರ ದೀಪ. ಇಂಥ ಕಾಲದಲ್ಲಿ ನಮ್ಮಂಥವರ ಹೊಟ್ಟೆ ಹೊರೆಯುವುದು 'ಇನ್ನೊಂದು ಪಾರ್ಟಿ'. ಮನೆ ನೋಡಲು ಬಂದವರು ಹಿಂದೆ ಮುಂದೆ ನೋಡುತ್ತಾ ನಿಂತರೆ ಮೆಲ್ಲಗೆ ಪಕ್ಕಕ್ಕೆ ಕರೆದು, "ನಿಮ್ಗೇ ಕೊಡಿಸ್ಬೇಕು ಅಂತ ನನ್ನಾಸೆ. ಆದ್ರೆ ಇನ್ನೊಂದು ಪಾರ್ಟಿ ರೆಡಿ ಇದೆ..." ಎನ್ನಬೇಕು. ಆ ಪಾರ್ಟಿ ಎಲ್ಲೂ ಇರುವುದಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಅರ್ಧ ಜನ ಅವತ್ತೇ ಟೋಕನ್ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ಇದಕ್ಕೊಂದೇ ಕಟ್ಟುಪಾಡು. ಈ ಮಾತು ಮನೆ ಓನರ್ ಕಿವಿಗೆ ಬೀಳಬಾರದು. ಲಿಫ್ಟ್ ಹತ್ತಿರ ಹೇಳಬೇಕು, ಪಾರ್ಕಿಂಗ್‌ನಲ್ಲಿ ಹೇಳಬೇಕು.

ನಾನು ಹಾಲ್‌ನಲ್ಲೇ ನಿಂತು ಹೇಳಿಬಿಟ್ಟೆ.

ಎಂಟನೇ ಮಹಡಿಯ ಫ್ಲ್ಯಾಟ್ ಅದು. ಓನರ್ ಶ್ರೀಧರ್, ಹೆಂಡತಿ ಉಷಾ. ಮಕ್ಕಳಿಲ್ಲ. ಶ್ರೀಧರ್‌ಗೆ ಕೆಲಸ ಹೋಗಿತ್ತು. ಮೈಸೂರಿನಲ್ಲಿ ಅವರ ತಮ್ಮ ಒಂದು ಮಳಿಗೆ ಗೊತ್ತು ಮಾಡಿ ಹಿಡಿದಿಟ್ಟಿದ್ದ, ಅಲ್ಲಿ ಬೇಕರಿ ಹಾಕುವುದು ಎಂದಿತ್ತು. ಆದರೆ ತಿಂಗಳ ಕೊನೆಯೊಳಗೆ ಈ ಮನೆ ಮಾರಾಟವಾದರೆ ಮಾತ್ರ. ಅದಾದ ಮೇಲೆ ಮಳಿಗೆಯವರು ಕಾಯುವುದಿಲ್ಲ.

ಹೊಸಕೋಟೆಯಿಂದ ಒಬ್ಬರು ಹಲ್ಲಿನ ಡಾಕ್ಟರಮ್ಮ ಮನೆ ನೋಡಲು ಬಂದಿದ್ದರು. ಅವರಿಗೆ ಮನೆ ಹಿಡಿಸಿತ್ತು. ಸ್ವಲ್ಪ ಚೌಕಾಸಿ ಮಾಡುತ್ತಿದ್ದರು, ಅಷ್ಟೇ. ನಾನು ಚಟದಂತೆ, "ಮೇಡಂ, ಇನ್ನೊಂದು ಪಾರ್ಟಿ ಕೇಳಿದ ರೇಟಿಗೇ ತಗೋತೀವಿ ಅಂತಿದ್ದಾರೆ" ಎಂದೆ. ಶ್ರೀಧರ್ ಅಡುಗೆಮನೆಯಿಂದ ತಲೆ ಹೊರಗೆ ಹಾಕಿದರು.

"ಹೌದಾ ಮುನಿರಾಜು? ಹೇಳ್ಲೇ ಇಲ್ವಲ್ರೀ! ಹಾಗಾದ್ರೆ ಅವ್ರು ಬಂದು ನೋಡ್ಲಿ. ಸಾರಿ ಮೇಡಂ, ನಿಮಗೆ ಆಮೇಲೆ ತಿಳಿಸ್ತೀನಿ."

ಡಾಕ್ಟರಮ್ಮ ಮುಖ ಗಂಟಿಕ್ಕಿಕೊಂಡು ಹೋದರು. ಆಗಲೇ "ಸಾರ್, ಅದು ಸುಮ್ನೆ ಹೇಳಿದ್ದು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಶ್ರೀಧರ್ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತ್ತು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಬೈಸಿಕೊಳ್ಳುವ ಧೈರ್ಯ ಇರಲಿಲ್ಲ.

ದಿನಾ ಅವರ ಫೋನು. "ಯಾರ್ರೀ ಅವ್ರು?" "ಪೀಣ್ಯದಲ್ಲಿ ಫ್ಯಾಕ್ಟರಿ ಸೂಪರ್‌ವೈಸರ್ ಸಾರ್. ನಾಗಸಂದ್ರದಲ್ಲಿ ಬಾಡಿಗೆಗಿದ್ದಾರೆ. ಈ ಕಡೆ ಟ್ರಾನ್ಸ್‌ಫರ್ ಆಗಿದೆ." ಮಾರನೆಯ ದಿನ, "ಯಾಕ್ರೀ ಇನ್ನೂ ಬರಲಿಲ್ಲ?" "ಬಲಗೈ ಹೆಬ್ಬೆರಳು ಮೆಷೀನಿಗೆ ಸಿಕ್ಕಿಬಿಡ್ತಂತೆ ಸಾರ್, ದೊಡ್ಡ ಬ್ಯಾಂಡೇಜು." ಇನ್ನೊಂದು ದಿನ ಉಷಾ ಅವರು ಫೋನ್ ಕಸಿದುಕೊಂಡು, "ಹೆಂಗಸರು ಹೇಗಿದ್ದಾರೆ?" ಎಂದು ಕೇಳಿದರು. "ತುಂಬಾ ಒಳ್ಳೆಯವ್ರು ಮೇಡಂ. ಲಿಫ್ಟ್ ಅಂದ್ರೆ ಮಾತ್ರ ಭಯ, ಎಷ್ಟು ಮಹಡಿ ಆದ್ರೂ ಹತ್ಕೊಂಡೇ ಬರ್ತಾರೆ. ಒಬ್ಬಳು ಮಗಳು, ಎಂಟನೇ ಕ್ಲಾಸು."

ಸುಳ್ಳು ಹೇಳುವಾಗ ಇಷ್ಟೊಂದು ಕುಸುರಿ ಕೆಲಸ ಯಾಕೆ ಮಾಡಿದೆನೋ ಗೊತ್ತಿಲ್ಲ. ಒಳಗೊಳಗೇ ಹೆಮ್ಮೆಯೂ ಆಗಿತ್ತು. ನಾಚಿಕೆಗೇಡು.

ಕೊನೆಗೊಂದು ದಿನ ಶ್ರೀಧರ್ ಹಟ ಹಿಡಿದರು. "ಇವತ್ತು ಕರ್ಕೊಂಡು ಬನ್ನಿ. ಶಿಫ್ಟ್ ಮುಗಿಸಿ ಎಷ್ಟೊತ್ತಿಗಾದ್ರೂ ಬರ್ಲಿ, ಎದ್ದಿರ್ತೀವಿ." ಸರಿ ಸಾರ್ ಎಂದೆ. ನನ್ನ ಲೆಕ್ಕಾಚಾರ ಸುಲಭದ್ದು. ನಾನೊಬ್ಬನೇ ಹೋಗಿ ಕೂರುವುದು, ಸ್ವಲ್ಪ ಹೊತ್ತಾದ ಮೇಲೆ ಫೋನ್ ಬಂದಂತೆ ನಟಿಸುವುದು, "ಅಯ್ಯೋ, ಅವರ ಮಾವನಿಗೆ ಹುಷಾರಿಲ್ವಂತೆ" ಎಂದು ಎದ್ದು ಬರುವುದು.

ಹೋದಾಗ ಮನೆ ಹೊಳೆಯುತ್ತಿತ್ತು. ಬಾಗಿಲಿಗೆ ಮಾವಿನೆಲೆ. ಒಳಗೆ ತುಪ್ಪ, ಏಲಕ್ಕಿಯ ಘಮ... ಇಲ್ಲದ ಜನರಿಗಾಗಿ ಉಷಾ ಕೇಸರಿಬಾತು ಮಾಡಿದ್ದರು. ನನಗೂ ಒಂದು ತಟ್ಟೆ ಕೊಟ್ಟರು. ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಳಿಯಿತು. ಎರಡನೇ ಸಲ ಹಾಕಿಸಿಕೊಂಡೆ.

ರಾತ್ರಿ ಬೆಳೆಯಿತು. ಆ ಮಹಡಿಯಲ್ಲಿ ಉಳಿದ ಫ್ಲ್ಯಾಟ್‌ಗಳೆಲ್ಲ ಖಾಲಿ. ಎಷ್ಟು ನಿಶ್ಶಬ್ದ ಎಂದರೆ ಫ್ರಿಜ್ ಗುಂಯ್‌ಗುಡುವುದು ನಿಂತಾಗ ಮೂವರೂ ಬೆಚ್ಚಿದೆವು. ಇನ್ನು ಸಾಕು ಎಂದು ಜೇಬಿನಿಂದ ಫೋನ್ ತೆಗೆದೆ.

ಆಗ ಮೆಟ್ಟಿಲ ಕಡೆಯಿಂದ ಸದ್ದು ಕೇಳಿಸಿತು.

ಚಪ್ಪಲಿ ಎಳೆದು ಹತ್ತುವ ಸದ್ದು. ತುಂಬಾ ಕೆಳಗಿನಿಂದ... ನಿಧಾನವಾಗಿ... ಒಬ್ಬರದಲ್ಲ. ಒಂದು ಭಾರದ ಹೆಜ್ಜೆ, ಒಂದು ಹಗುರ, ನಡುನಡುವೆ ಇನ್ನೂ ಹಗುರವಾದದ್ದೊಂದು. ಮಹಡಿ ಮಹಡಿಗೂ ನಿಂತು ಉಸಿರು ತೆಗೆದುಕೊಂಡು ಮತ್ತೆ ಹತ್ತುತ್ತಿದ್ದರು.

"ಬಂದ್ರು ಅನ್ಸುತ್ತೆ," ಉಷಾ ಪಿಸುಗುಟ್ಟಿದರು. "ಪಾಪ, ಹತ್ಕೊಂಡೇ ಬರ್ತಿದ್ದಾರೆ ನೋಡಿ."

ನನ್ನ ಕೈಯಲ್ಲಿದ್ದ ಫೋನು ಬೆವರಿಗೆ ಜಾರಿತು. ಬೆಲ್ ಆಯಿತು.

ಬಾಗಿಲಲ್ಲಿ ಮೂವರು. ಗಂಡಸಿನ ಬಲಗೈ ಹೆಬ್ಬೆರಳಿಗೆ ದೊಡ್ಡ ಬ್ಯಾಂಡೇಜು. ಅವರ ಜೊತೆಗೇ ಒಂದು ವಾಸನೆ ಒಳಗೆ ಬಂತು. ಕಬ್ಬಿಣದ ಪುಡಿ, ಸುಟ್ಟ ಎಣ್ಣೆ, ವರ್ಕ್‌ಶಾಪಿನ ವಾಸನೆ. ಕೇಸರಿಬಾತಿನ ಘಮ ಅದರಲ್ಲಿ ಮುಳುಗಿಹೋಯಿತು. ಅವರ ಮುಖ ಹೇಗಿತ್ತು ಎಂದು ಕೇಳಬೇಡಿ. ನಾನು ಎದುರಿಗೇ ಕೂತಿದ್ದೆ, ಒಂದು ಮುಖವೂ ನೆನಪಿನಲ್ಲಿ ನಿಂತಿಲ್ಲ. ಮುಖದ ಬಗ್ಗೆ ನಾನು ಶ್ರೀಧರ್‌ಗೆ ಏನೂ ಹೇಳಿರಲಿಲ್ಲ.

ಬೇರೆ ಬ್ರೋಕರ್ ಯಾರೋ ತಮಾಷೆಗೆ ಕಳಿಸಿದ್ದಾರೆ ಎಂದುಕೊಂಡೆ. ಆದರೆ ಆ ಬ್ಯಾಂಡೇಜಿನ ವಿಷಯ ನಾನು ಯಾವ ಬ್ರೋಕರ್‌ಗೂ ಹೇಳಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ.

"ಬನ್ನಿ ಬನ್ನಿ, ಕೂತ್ಕೊಳ್ಳಿ," ಶ್ರೀಧರ್ ಸಂಭ್ರಮ ಹೇಳತೀರದು. "ಎಲ್ಲಿ ಕೆಲಸ ಸಾರ್ ತಮ್ಮದು?"

"ಪೀಣ್ಯ. ಈ ಕಡೆ ಟ್ರಾನ್ಸ್‌ಫರ್ ಆಗಿದೆ."

"ಈಗ ಎಲ್ಲಿದ್ದೀರಾ?"

"ನಾಗಸಂದ್ರ. ಬಾಡಿಗೆಗೆ."

"ಯಾವ ಫ್ಯಾಕ್ಟರಿ?"

ಆತ ನಿಧಾನವಾಗಿ ತಲೆ ತಿರುಗಿಸಿ ನನ್ನನ್ನು ನೋಡಿದ. ಹೆಂಡತಿಯೂ ತಿರುಗಿದಳು. ಹುಡುಗಿಯೂ ತಿರುಗಿದಳು. ಮೂವರೂ ನನ್ನನ್ನೇ ನೋಡುತ್ತಾ ಕಾಯುತ್ತಿದ್ದರು... ಬೆದರಿಸುವ ನೋಟವಲ್ಲ ಅದು. ಪಾಠ ಒಪ್ಪಿಸುವಾಗ ಮರೆತ ಮಕ್ಕಳು ಮೇಷ್ಟರ ಮುಖ ನೋಡುವ ಹಾಗೆ.

"ಬೇರಿಂಗ್ ಮಾಡೋ ಫ್ಯಾಕ್ಟರಿ," ನನ್ನ ಬಾಯಿಂದ ಬಂತು.

"ಬೇರಿಂಗ್ ಮಾಡೋ ಫ್ಯಾಕ್ಟರಿ," ಎಂದ ಆತ.

ಶ್ರೀಧರ್ ತಲೆಯಾಡಿಸಿದರು. ಅವರಿಗೆ ಏನೂ ಅನಿಸಲಿಲ್ಲ. ಆಸೆ ಇದ್ದವರಿಗೆ ಏನೂ ಅನಿಸುವುದಿಲ್ಲ ಎಂದು ಈ ಕಸುಬಿನಲ್ಲಿ ನಾನು ಎಷ್ಟು ಸಲ ನೋಡಿಲ್ಲ! ಅದರ ಮೇಲೇ ಅಲ್ಲವೇ ನಮ್ಮ ಜೀವನ.

ಉಷಾ ಹುಡುಗಿಯ ಪಕ್ಕ ಬಂದು ಕೂತರು. "ಏನ್ ಓದ್ತಿದ್ದೀಯಾ ಪುಟ್ಟಾ?"

"ಎಂಟನೇ ಕ್ಲಾಸು."

"ಹೆಸರೇನಮ್ಮಾ?"

ಹುಡುಗಿ ನನ್ನತ್ತ ತಿರುಗಿದಳು. ತುಟಿ ಅರ್ಧ ತೆರೆದಿತ್ತು. ಹೆಸರು ಕೊಟ್ಟಿರಲಿಲ್ಲ ನಾನು. ಯಾವುದಾದರೂ ಹೆಸರು, ಸಾವಿರ ಇವೆ ಲೋಕದಲ್ಲಿ... ಹೆದರಿಕೆಯಲ್ಲಿ ನಾಲಿಗೆಗೆ ಸಿಕ್ಕಿದ್ದು ಒಂದೇ, ನನ್ನ ಮಗಳದು.

"ಸಿಂಚನಾ," ಎಂದೆ.

"ಸಿಂಚನಾ," ಎಂದಳು ಆ ಹುಡುಗಿ, ಮತ್ತು ಮೊದಲ ಸಲ ನಕ್ಕಳು.

"ಎಷ್ಟು ಸಂಕೋಚ ನೋಡಿ, ಎಲ್ಲಾದಕ್ಕೂ ಮುನಿರಾಜು ಅವರನ್ನೇ ನೋಡ್ತಾಳೆ," ಎಂದು ಉಷಾ ಅವಳ ತಲೆ ಸವರಿದರು. ಆಮೇಲೆ ಕೈಯನ್ನು ಸೆರಗಿನಲ್ಲಿ ಮೆಲ್ಲಗೆ ಒರೆಸಿಕೊಂಡರು. ಯಾಕೆಂದು ನಾನು ಕೇಳಲಿಲ್ಲ.

ಮನೆಯೆಲ್ಲ ನೋಡಿದರು, ಕಾಫಿ ಕುಡಿದರು. ಕೊನೆಗೆ ಶ್ರೀಧರ್ ಗಂಟಲು ಸರಿಮಾಡಿಕೊಂಡು, "ಹೇಗನ್ನಿಸ್ತು ಸಾರ್? ನಮ್ದು ಸ್ವಲ್ಪ ಅರ್ಜೆಂಟು. ಮೈಸೂರಿಗೆ ಹೇಳ್ಬೇಕು. ತಗೋತೀರಾ?" ಎಂದರು.

ಮೂವರೂ ನನ್ನ ಕಡೆ ತಿರುಗಿದರು.

ಇಲ್ಲ ಎನ್ನು ಮುನಿರಾಜು, ಒಂದೇ ಪದ, ಎಂದು ಒಳಗಿನಿಂದ ಏನೋ ಕೂಗಿತು. ಇಲ್ಲ ಎಂದಿದ್ದರೆ ಅವರೂ ಇಲ್ಲ ಎಂದು ಎದ್ದು ಹೋಗುತ್ತಿದ್ದರು, ಶ್ರೀಧರ್ ಬೆಳಿಗ್ಗೆಯೇ ಡಾಕ್ಟರಮ್ಮನಿಗೆ ಫೋನ್ ಮಾಡುತ್ತಿದ್ದರು. ನಾನು ಶ್ರೀಧರ್ ಮುಖ ನೋಡಿದೆ, ಉಷಾ ಮುಖ ನೋಡಿದೆ. ಹೆದರಿದ್ದೆ, ನಿಜ. ಆದರೆ ಆ ಗಳಿಗೆಯಲ್ಲಿ ಬಾಯಿ ಕಟ್ಟಿದ್ದು ದೆವ್ವದ ಭಯವಲ್ಲ, ಅವರಿಬ್ಬರ ಎದುರು ಕೆಟ್ಟವನಾಗುವ ಭಯ.

"ಯೋಚನೆ ಮಾಡಿ ಹೇಳ್ತಾರೆ ಸಾರ್," ಎಂದೆ.

"ಯೋಚನೆ ಮಾಡಿ ಹೇಳ್ತೀವಿ," ಎಂದರು ಮೂವರೂ ಒಟ್ಟಿಗೆ.

ಅವರು ಹೊರಟ ಹಿಂದೆಯೇ ಬಾಗಿಲಿಗೆ ಓಡಿದೆ. ಕಾರಿಡಾರ್ ಖಾಲಿ. ಮೆಟ್ಟಿಲಲ್ಲಿ ಇಳಿಯುವ ಸದ್ದೇ ಇಲ್ಲ. ಎಣ್ಣೆಯ ವಾಸನೆ ಮಾತ್ರ ಇತ್ತು. ಗೇಟಿನಲ್ಲಿ ಸೆಕ್ಯೂರಿಟಿಯವನನ್ನು ಕೇಳಿದರೆ, "ನೀವು ಬಂದ್ಮೇಲೆ ಯಾರೂ ಒಳಗ್ ಬಂದಿಲ್ಲ ಸಾರ್," ಎಂದ. ಮನೆಗೆ ಹೋಗಿ, ಮಲಗಿದ್ದ ಮಗಳ ಹಣೆ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಹೆಂಡತಿ ರತ್ನ ಎದ್ದು ಕೂತಳು. "ಯಾಕ್ರೀ ಇಂಗ್ ಬೆವ್ತಿದ್ದೀರಾ? ಮಾತ್ರೆ ತಗಂಡ್ರಾ ಇಲ್ವಾ?" ತಗೊಂಡಿರಲಿಲ್ಲ.

ಬೆಳಿಗ್ಗೆ ಒಂದು ಒಳ್ಳೆಯ ಕೆಲಸ ಮಾಡಿದೆ. ಶ್ರೀಧರ್ ಮನೆಗೆ ಹೋಗಿ ಕೈ ಮುಗಿದು, "ಸಾರ್, ಅಂಥ ಪಾರ್ಟಿನೇ ಇಲ್ಲ. ನಾನೇ ಕಟ್ಟಿದ ಕಥೆ. ಡಾಕ್ಟರಮ್ಮನಿಗೇ ಕೊಟ್ಬಿಡಿ," ಎಂದೆ.

ಶ್ರೀಧರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರೀ, ಬೆಳಿಗ್ಗೆ ಬೆಳಿಗ್ಗೆನೇ ಹಾಕಿದ್ದೀರಾ? ಇಲ್ಲೇ ಕೂತು ಕಾಫಿ ಕುಡಿದು ಹೋದ್ರಲ್ರೀ! ಆ ಡಾಕ್ಟರ್ ಕಡೆಯಿಂದ ಜಾಸ್ತಿ ಕಮಿಷನ್ ಮಾತಾಡ್ಕೊಂಡಿದ್ದೀರಾ ಹೇಗೆ?"

"ಇಲ್ಲ ಸಾರ್, ದೇವರಾಣೆ..."

"ಅವ್ರು ಹೇಳ್ತೀವಿ ಅಂದಿದ್ದಾರೆ, ನಾನು ಕಾಯ್ತೀನಿ. ಮಾತು ಅಂದ್ರೆ ಮಾತು."

ಉಷಾ ಒಳಗಿಂದ, "ಸಿಂಚನಾಗೆ ಅಂತ ಚಿಕ್ಕ ರೂಮಲ್ಲಿದ್ದ ಸಾಮಾನೆಲ್ಲ ತೆಗೆದಿಟ್ಟೆ," ಎಂದರು. ನನ್ನ ಮಗಳ ಹೆಸರು ಅವರ ಬಾಯಲ್ಲಿ ಕೇಳಿ ಮೈ ಜುಂ ಎಂದಿತು. ಸುಳ್ಳು ಹೇಳಿದಾಗಲೆಲ್ಲ ನಂಬಿದ ಜನ ಒಂದೇ ಒಂದು ನಿಜ ಹೇಳಿದ ದಿನ ನಂಬಲಿಲ್ಲ. ನಗು ಬರಬೇಕಿತ್ತು. ಬರಲಿಲ್ಲ.

ತಿಂಗಳು ಮುಗಿಯಿತು. ಡಾಕ್ಟರಮ್ಮ ಬೇರೆ ಕಡೆ ಮನೆ ತಗೊಂಡರು. ಮೈಸೂರಿನ ಮಳಿಗೆಗೆ ಯಾರೋ ಮೊಬೈಲ್ ಅಂಗಡಿಯವರು ಬಂದರು.

ಆಮೇಲೆ ಒಂದು ರಾತ್ರಿ ಉಷಾ ಅವರ ಫೋನು. ಪಿಸುದನಿ.

"ಮುನಿರಾಜು ಅವ್ರೇ... ಅವ್ರು ಬಂದಿದ್ದಾರೆ. ಕತ್ತಲಾದಾಗಿನಿಂದ ಹಾಲ್‌ನಲ್ಲಿ ಕೂತಿದ್ದಾರೆ. ಏನ್ ಕೇಳಿದ್ರೂ ಮಾತಾಡಲ್ಲ. ಮೂರೂ ಜನ ಬಾಗಿಲನ್ನೇ ನೋಡ್ತಾ ಇದ್ದಾರೆ... ನಮ್ಮನೆಯವ್ರು ಅವರೆದುರಿಗೇ ಕೂತುಬಿಟ್ಟಿದ್ದಾರೆ, ಕರೆದ್ರೂ ಏಳ್ತಿಲ್ಲ. ನನಗ್ಯಾಕೋ ಭಯ ಆಗ್ತಿದೆ. ನೀವು ಬಂದು ತಗೋತಾರೋ ಇಲ್ವೋ ಒಂದು ಮಾತು ಹೇಳಿ. ಸ್ಪೀಕರ್ ಹಾಕಿದ್ದೀನಿ, ಇಲ್ಲೇ ಹೇಳಿದ್ರೂ ಆಯ್ತು."

ಇಲ್ಲ ಎಂದರೆ ಸಾಕಿತ್ತು. ಫೋನಿನಲ್ಲೇ ಮುಗಿಯುತ್ತಿತ್ತು. ನಾನು ಮನೆಯಲ್ಲಿ ಲುಂಗಿ ಉಟ್ಟು, ತಟ್ಟೆಯ ಮುಂದೆ ಕೂತಿದ್ದೆ. ಎಷ್ಟೋ ವರ್ಷಗಳಿಂದ ಇಂಥ ಫೋನಿಗೆಲ್ಲ ಯಾವ ಉತ್ತರ ಕೊಟ್ಟು ಬಾಯಿಗೆ ರೂಢಿಯಾಗಿದೆಯೋ, ಅದೇ ಹೊರಗೆ ಬಂತು.

"ದಾರೀಲಿದ್ದೀನಿ ಮೇಡಂ. ಹತ್ತೇ ನಿಮಿಷ."

ಆ ಕಡೆ, ಉಷಾ ಅವರ ಉಸಿರಿನ ಹಿಂದೆ, ಭಾರದ ಗಂಡುದನಿಯೊಂದು ಹೇಳಿತು: "ದಾರೀಲಿದ್ದಾರೆ. ಹತ್ತೇ ನಿಮಿಷ." ಅದರ ಹಿಂದೆ ಹೆಂಗಸಿನದು. ಆಮೇಲೆ ಹುಡುಗಿಯದು. ಕೊನೆಗೆ, ಅದೇ ರಾಗದಲ್ಲಿ, ಶ್ರೀಧರ್ ಅವರದು.

ಲೈನ್ ಕಟ್ ಆಯಿತು.

ನಾನು ಹೋಗಲಿಲ್ಲ. ಗಾಡಿ ಕೀ ಕೈಗೆ ತೆಗೆದುಕೊಂಡೆ, ಶರ್ಟು ಹಾಕಿಕೊಂಡೆ, ಬಾಗಿಲ ತನಕ ಹೋಗಿ ವಾಪಸು ಬಂದು ಕೂತೆ. ಆಮೇಲೆ ಅವರ ಫೋನು ಬಂದಿಲ್ಲ. ನಾನೂ ಮಾಡಿಲ್ಲ. ಈಗಲೂ ಆ ರಸ್ತೆಯಲ್ಲಿ ರಾತ್ರಿ ಹೋಗಬೇಕಾಗಿ ಬಂದರೆ ಆ ಟವರ್ ಕಡೆ ಕಣ್ಣು ಹೋಗುತ್ತದೆ. ಎಂಟನೇ ಮಹಡಿಯಲ್ಲಿ ಆ ಒಂದು ಹಾಲ್‌ನ ದೀಪ ಮಾತ್ರ ಉರಿಯುತ್ತಿರುತ್ತದೆ, ಎಷ್ಟು ಹೊತ್ತಾಗಿದ್ದರೂ... ನಾನು ಮುಖ ತಿರುಗಿಸಿಕೊಂಡು ಗಾಡಿ ಜೋರು ಮಾಡುತ್ತೇನೆ.