ಅವ್ವನಿಗೆ ತಪ್ಪಿದ ಬೊಹೀಮಿಯಾ

ಧಾರವಾಡದ ಭಜನಾ ಮಂಡಳಿಯ ಎಂಟು ಹೆಂಗಸರು ಕೂಡಿ ಯುರೋಪ್ ಪ್ರವಾಸಕ್ಕೆ ಹೆಸರು ಕೊಟ್ಟಿದ್ದರು. ಅವರಲ್ಲಿ ಅವ್ವನೂ ಒಬ್ಬಳು. ಅಷ್ಟರಲ್ಲಿ ಇಲ್ಲಿ ಆಕ್ಲೆಂಡಿನಲ್ಲಿ ನನ್ನ ಪಿತ್ತಕೋಶದ ಆಪರೇಷನ್ ಗೊತ್ತಾಯಿತು. ಅವ್ವ ಹೆಸರು ತೆಗೆಸಿ ಹಿಲ್ಸ್‌ಬರೋದ ನಮ್ಮ ಮನೆಗೆ ಬಂದಳು. ನನಗೆ ಮೆತ್ತನೆಯ ಅನ್ನ ಕಲಸಿ ಕೊಡುತ್ತ ಉಳಿದಳು.

ಮಿಕ್ಕ ಏಳು ಮಂದಿ ಹೋದರು. ಚೆಕ್ ದೇಶದ ಚೆಸ್ಕಿ ಕ್ರುಮ್ಲೊವ್ ಎಂಬ ಹಳೆಯ ಊರಿನಿಂದ ಫೋಟೋಗಳು ಬರತೊಡಗಿದವು. ಕೆಂಪು ಹೆಂಚು, ಊರನ್ನು ಬಳಸಿ ಹರಿಯುವ ಹೊಳೆ, ಬಣ್ಣ ಬಳಿದ ಕೋಟೆಯ ಗೋಪುರ, ಅದರೆದುರು ಇಳಕಲ್ ಸೀರೆಯ ಮೇಲೆ ಜಾಕೆಟ್ಟು ತೊಟ್ಟ ಏಳು ಜನ. ನಾನು ಕೋಣೆಗೆ ಬಂದರೆ ಅವ್ವ ಫೋನನ್ನು ಬೋರಲಾಗಿಡುವಳು.

"ಏನಿಲ್ಲ, ಗುಡ್ ಮಾರ್ನಿಂಗ್ ಮೆಸೇಜು."

ಗುಡ್ ಮಾರ್ನಿಂಗ್ ಮೆಸೇಜನ್ನು ಯಾರೂ ಕನ್ನಡಕ ಏರಿಸಿ, ಎರಡು ಬೆರಳಿನಿಂದ ಹಿಗ್ಗಿಸಿ ನೋಡುವುದಿಲ್ಲ.

ಹಾಗಾಗಿ ನನಗೆ ಪುಹೊಯಿ ನೆನಪಾಯಿತು. ಮನೆಯಿಂದ ಉತ್ತರಕ್ಕೆ ಒಂದು ತಾಸಿನ ದಾರಿ. ನೂರೈವತ್ತು ವರ್ಷಕ್ಕೂ ಹಿಂದೆ ಬೊಹೀಮಿಯಾದಿಂದ, ಅಂದರೆ ಈಗಿನ ಚೆಕ್ ನಾಡಿನಿಂದ, ಹಡಗಿನಲ್ಲಿ ಬಂದವರು ಕಾಡು ಕಡಿದು ಕಟ್ಟಿಕೊಂಡ ಹಳ್ಳಿ. ಆಪರೇಷನ್ ಆಗಿ ಮೂರು ವಾರಕ್ಕೆ, ಒಂದು ಶನಿವಾರ ಹೊರಟೆವು.

"ಅತ್ಯಾರ, ಯುರೋಪ್ ಬಂತ್ ನೋಡ್ರಿ. ವೀಸಾನೂ ಕೇಳಲಿಲ್ಲ," ಎನ್ನುತ್ತ ನನ್ನ ಗಂಡ ಕಾರು ನಿಲ್ಲಿಸಿದರು.

"ಭಾಳ ಸಣ್ಣದ ಐತಲ್ರಿ ನಿಮ್ಮ ಯುರೋಪು."

ಬಿಳಿ ಮರದ ಚರ್ಚು, ಗೋಡೆಗೆ ಹಳೆಯ ಕುದುರೆ ಜೀನು ತೂಗುಹಾಕಿದ ಹೋಟೆಲು, ಮಣ್ಣು ಬಣ್ಣದ ಮಂದ ಹೊಳೆ. ನಾನು ಗೈಡಿನಂತೆ ಇದು ನೋಡು, ಅದು ನೋಡು ಎನ್ನುತ್ತಲೇ ಇದ್ದೆ. ಅವ್ವ "ಹೂಂ, ಚೊಲೊ ಐತಿ" ಅನ್ನುತ್ತಿದ್ದಳು, ನೆರೆಮನೆಯವರ ಹೊಸ ಸೀರೆಗೆ ಅನ್ನುವ ದನಿಯಲ್ಲಿ.

ಊರಿನ ಮ್ಯೂಸಿಯಂ ಹಳೆಯ ಕಾನ್ವೆಂಟ್ ಶಾಲೆಯ ಕೋಣೆಯಲ್ಲಿತ್ತು. ಮಸಿಕುಡಿಕೆಯ ತೂತಿದ್ದ ಡೆಸ್ಕಿನಲ್ಲಿ ನಾನು ಕೂತಿದ್ದೆ. ಬಾಗಿಲು ಕಿರ್ರೆಂದು, ಮ್ಯೂಸಿಯಂ ನೋಡಿಕೊಳ್ಳುವ ಬೆಳ್ಳಿಗೂದಲಿನ ಹಿರಿಯಾಕೆ ಒಳಗೆ ಬಂದರು. ನಾನು ದಡಕ್ಕನೆ ಎದ್ದು ನಿಂತು, ಹುಬ್ಬಳ್ಳಿಯ ನನ್ನ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ರಾಗದಲ್ಲೇ "ಗುಡ್ ಆಫ್ಟರ್‌ನೂ...ನ್" ಎಂದೆ. ಗಾಯ ಚುರುಕ್ಕೆಂದಿತು. ಅವ್ವ ಆ ದಿನ ಮೊದಲ ಸಲ ನಕ್ಕಳು.

ಆಕೆ ತಮ್ಮ ಹಿರಿಯರ ಕತೆ ಹೇಳಿದರು. ಬಂದಿಳಿದಾಗ ಬರೀ ಕಾಡಿತ್ತಂತೆ. ಇಲ್ಲಿನ ಮಾವೊರಿ ಜನ ಊಟ ಕೊಟ್ಟು ಬದುಕಿಸಿದರಂತೆ. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮುಂಚೆಯೇ ಅವ್ವ, ತನ್ನದೇ ವಯಸ್ಸಿನ ಆಕೆಯನ್ನು ಕೇಳಿಬಿಟ್ಟಳು: "ಆಂಟಿ, ಯೂ ಸೀ ಬೊಹೀಮಿಯಾ?"

ಇಲ್ಲವೆಂದರು. ಒಮ್ಮೆ ಹೊರಟಿದ್ದರಂತೆ, ಆ ವಾರವೇ ಗಂಡನಿಗೆ ಹೃದಯದ ತೊಂದರೆಯಾಯಿತು. ನೆನೆದರೆ ಈಗಲೂ ಸಿಟ್ಟು ಬರುತ್ತದೆ ಎಂದರು.

"ಸಿಟ್ಟು ಬರ್ತೈತಂತ?"

"ಹೂಂ ಅವ್ವ."

"ನನಗೂ ಬಂದೈತಿ."

"ನನ್ನ ಮ್ಯಾಲೇನ?"

"ನಿನ್ನ ಮ್ಯಾಲ ಸ್ವಲ್ಪ. ನಿನ್ನ ಪಿತ್ತಕೋಶದ ಮ್ಯಾಲ ಭಾಳ. ಇನ್ನೊಂದ ತಿಂಗಳ ತಡೀಲಿಲ್ಲ ನೋಡದು! ಹೇಳಿದ್ರ ನೀ ಅಳತಿ ಅಂತ ಸುಮ್ಮನಿದ್ದೆ. ಇದನ್ನ ತೋರಿಸಿ ಅದನ್ನ ಮರಸಾಕ ಬರೂದಿಲ್ಲವಾ. ಇದು ಇದ, ಅದು ಅದ."

ನಾನು ಅಳಲಿಲ್ಲ. ಮೂರು ವಾರದಿಂದ ಎದೆಯ ಮೇಲಿದ್ದದ್ದು ಇಳಿದಂತಾಯಿತು.

ಅವ್ವ ಆಗ ಗೋಡೆಯ ನಕಾಶೆಯ ಹತ್ತಿರ ಹೋಗಿ, ಆಕೆಯ ಹಿರಿಯರ ಊರು ಯಾವುದೆಂದು ನನ್ನಿಂದ ಕೇಳಿಸಿದಳು. ಆಕೆ ಒಂದು ಚುಕ್ಕೆ ತೋರಿಸಿ, ಹೆಸರನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದುಕೊಟ್ಟರು.

"ಟೂರ್ ಬಸ್ಸು ಅಲ್ಲಿಗೆ ಹೋಗತೈತೇನ ಕೇಳು."

ಇಲ್ಲವಂತೆ.

"ಹಂಗಾದ್ರ ಅಲ್ಲಿಗೇ ಹೋಗೂಣು, ನೀನೂ ನಾನೂ. ಆ ಏಳು ಮಂದಿ ನೋಡಿರಬಾರದು, ಅಂಥಾದ್ದು." ಆಮೇಲೆ ಆಕೆಯ ಕಡೆ ತಿರುಗಿ, "ಯೂ ಆಲ್ಸೋ ಕಮ್, ಆಂಟಿ," ಎಂದಳು.

ಆಕೆ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಕಾಗದವನ್ನು ಅವ್ವನ ಕೈಯಿಂದ ಮರಳಿ ಇಸಿದುಕೊಂಡು, ಊರಿನ ಹೆಸರಿನ ಕೆಳಗೆ ತಮ್ಮ ಫೋನ್ ನಂಬರು ಬರೆದರು.