ಒಂದು ಮೈನಸ್ ಹೆಚ್ಚಿಗಿ

ಮೇ ತಿಂಗಳ ರಣಬಿಸಿಲು. ಹುಬ್ಬಳ್ಳಿಯ ಕಮರಿಪೇಟೆಯ ನಾಯಿಗಳು ಗಟಾರದ ದಂಡೆಯಲ್ಲಿ ತಂಪು ಹುಡುಕಿ ಮಲಗುವ ಹೊತ್ತು. ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಒಬ್ಬರು ತುಂಬುತೋಳಿನ ಉಣ್ಣೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದರು. ಬೆವರು ಹಣೆಯಿಂದ ಇಳಿದು, ಮೂಗಿನ ತುದಿಯಲ್ಲಿ ಒಂದು ಕ್ಷಣ ನಿಂತು ವಿಚಾರ ಮಾಡಿ, ಆಮೇಲೆ ಬೀಳುತ್ತಿತ್ತು. ಗುರುತಿಲ್ಲದ ಗಿರಾಕಿಗಳು "ಥಂಡಿಜ್ವರ ಏನ್ರಿ?" ಎಂದು ಕೇಳುವರು. "ಜ್ವರ ಅಲ್ರಿ. ಆಸಿಡ್ ಅನ್ನೂದು ಹತ್ತಿ ಅರಿವಿ ತಿಂತೈತಿ, ಉಣ್ಣಿ ಮುಟ್ಟಂಗಿಲ್ಲ. ಅದಕ್ಕೂ ಪಥ್ಯ ಐತಿ" ಎಂಬುದು ಅವರ ಸಿದ್ಧ ಉತ್ತರ. ಈ ಶಾಸ್ತ್ರವನ್ನು ಪ್ಯಾಂಟಿಗೆ ಮಾತ್ರ ಅವರು ಅನ್ವಯಿಸಿರಲಿಲ್ಲ. ಅದು ಜರಡಿಯಾಗಿತ್ತು.

ಓಣಿಗೆಲ್ಲ ಅವರು ಬ್ಯಾಟರಿ ಕಾಕಾ. ಲಾರಿ, ಟ್ರ್ಯಾಕ್ಟರ್, ಆಟೋಗಳ ಸತ್ತ ಬ್ಯಾಟರಿಗಳಿಗೆ ಜೀವ ಕೊಡುವುದು ಅವರ ಕಸುಬು. ನಾನು ಆಗ ಹೈಸ್ಕೂಲಿನಲ್ಲಿ ಹೊಸದಾಗಿ ವಿಜ್ಞಾನ ಕಲಿಸಲು ಸೇರಿದ್ದೆ. ಹೊಸ ಮಾಸ್ತರಿಕೆಯ ಸೊಕ್ಕು ಎಂಥದ್ದೆಂಬುದು ಮಾಡಿದವರಿಗೇ ಗೊತ್ತು. ಎರಡು ದಿನ ಕೂತು ದೊಡ್ಡ ಹಾಳೆಯ ಮೇಲೆ ಬ್ಯಾಟರಿಯ ಚಿತ್ರ ಬರೆದೆ. ಆರು ಖಾನೆ, ಒಂದೊಂದರಲ್ಲಿ ಮೂರು ಕೆಂಪು ಪ್ಲೇಟು, ಮೂರು ನೀಲಿ ಪ್ಲೇಟು. ಅದನ್ನು ಸುರುಳಿ ಮಾಡದೆ, ನಾಲ್ಕು ಮಂದಿಗೆ ಕಾಣುವ ಹಾಗೆ ಹಿಡಿದುಕೊಂಡೇ ಮೆಟ್ಟಿಲು ಇಳಿದೆ.

"ಅಕ್ಕೋರ, ಒಂದೀಟು ನಿಂದರ್ರಿ. ಈ ಬ್ಯಾಟರಿ ಯಾರು ಮಾಡ್ಯಾರ?" ಎಂದರು ಕಾಕಾ.

"ನಾನs."

"ಹೌದೇನ್ರಿ? ಇದು ಬಾಗತೈತಿ."

ಹಾಳೆ ಬಾಗುತ್ತದೆ ಎಂದುಕೊಂಡು ನೆಟ್ಟಗೆ ಹಿಡಿದೆ. ಕಾಕಾ ನಗಲಿಲ್ಲ. ಒಳಗಿನಿಂದ ಒಂದು ಸತ್ತ ಬ್ಯಾಟರಿ ತಂದು, ಮೇಲಿನ ಡಾಂಬರು ಕಾಸಿ ಕಿತ್ತು, ಒಂದು ಖಾನೆಯೊಳಗಿನ ಪ್ಲೇಟುಗಳನ್ನು ಇಕ್ಕಳದಿಂದ ಹಾಗೇ ಎತ್ತಿ ನನ್ನ ಮುಂದೆ ಹಿಡಿದರು. ಎರಡು ಬಾಚಣಿಗೆಗಳನ್ನು ಒಂದರ ಹಲ್ಲಿನ ಸಂದಿಯಲ್ಲಿ ಇನ್ನೊಂದರ ಹಲ್ಲು ಬರುವ ಹಾಗೆ ಹೆಣೆದಂತಿತ್ತು. ಕಾಫಿಪುಡಿಯ ಬಣ್ಣದವು ಪ್ಲಸ್, ಬೂದಿಬಣ್ಣದವು ಮೈನಸ್. ಒಂದೊಂದು ಜಾತಿಯವು ಮೇಲುಗಡೆ ಒಂದೇ ಸೀಸದ ಪಟ್ಟಿಗೆ ಕೂಡಿಕೊಂಡಿದ್ದವು.

"ಎಣಸ್ರಿ," ಎಂದರು. ಎಣಿಸಿದೆ. ಪ್ಲಸ್ ನಾಲ್ಕು, ಮೈನಸ್ ಐದು.

"ಪ್ಲಸ್ ಪ್ಲೇಟ್ ಅಂದ್ರ ಭಾಳ ನಾಜೂಕ್ರಿ. ಎರಡೂ ಮಗ್ಗಲಿಗೆ ಮೈನಸ್ ಇರಬೇಕು. ಒಂದs ಮಗ್ಗಲ ಕೆಲಸ ಸಿಕ್ತು ಅಂದ್ರ ಉಬ್ಬತೈತಿ, ಬಾಗತೈತಿ, ಆಮ್ಯಾಲೆ ಬಾಜೂದವ್ರಿಗೆ ತಾಕಿ ಇಡೀ ಖಾನೀನ ಸುಡತೈತಿ. ಅದಕ್ಕ ಎರಡೂ ತುದಿಗೆ ಮೈನಸ್. ಯಾವಾಗಲೂ ಒಂದು ಮೈನಸ್ ಹೆಚ್ಚಿಗಿ."

ಪ್ಲೇಟು ಪ್ಲೇಟಿನ ನಡುವೆ ತೆಳ್ಳನೆಯ ಹಾಳೆಯಂಥದ್ದೊಂದಿತ್ತು. ಅದು ಸಪರೇಟರ್. "ಇವಾ ಪ್ಲಸ್ಸೂ ಅಲ್ಲ, ಮೈನಸ್ಸೂ ಅಲ್ಲ. ಇವನ ಕೆಲಸ ಏನಪಾ ಅಂದ್ರ, ರಸ ದಾಟಬೇಕು, ಮೈ ತಾಗಬಾರದು." ಒಂದು ಖಾನೆಗೆ ಎರಡು ವೋಲ್ಟು. ಇದರ ಪ್ಲಸ್ಸನ್ನು ಪಕ್ಕದ ಖಾನೆಯ ಮೈನಸ್ಸಿಗೆ ಜೋಡಿಸುತ್ತ ಹೋದರೆ ಆರು ಖಾನೆಗೆ ಹನ್ನೆರಡು. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಓದಿದ್ದು ಹತ್ತು ನಿಮಿಷದಲ್ಲಿ ಅರ್ಥವಾಯಿತು. ಚಿತ್ರ ತಿದ್ದಿದೆ. ಕ್ಲಾಸಿನಲ್ಲಿ, ಹುಟ್ಟುವಾಗಲೇ ಕಲಿತು ಬಂದವಳಂತೆ ಹೇಳಿದೆ. ಕಾಕಾನ ಹೆಸರು ಎತ್ತಲಿಲ್ಲ. ಆ ಬುದ್ಧಿಗೆ ಈಗ ನಾಚಿಕೆಯಾಗುತ್ತದೆ.

ಜಗತ್ತಿನ ಯಾವ ಜಗಳವನ್ನೂ ಕಾಕಾ ಬ್ಯಾಟರಿಯೊಳಗೇ ಇಟ್ಟು ನೋಡುತ್ತಿದ್ದರು. ನಳದ ಮುಂದೆ ಹೆಂಗಸರು ಕೊಡ ಎತ್ತಿ ಹೊಡೆದಾಡಿದರೆ, "ಪ್ಲೇಟಿನ ತಪ್ಪಲ್ರಿ, ಸಪರೇಟರ್ ಹೋಗೈತಿ" ಎನ್ನುವರು. ಓಣಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ನನ್ನ ಮದುವೆ ಗೊತ್ತಾಗುವವರೆಗೆ.

ಹುಡುಗ ಧಾರವಾಡದವನು, ಕಾಲೇಜೊಂದರ ಗ್ರಂಥಾಲಯದಲ್ಲಿ ನೌಕರಿ. ನನ್ನ ಮನಸ್ಸಿಗೆ ಬಂದಿದ್ದ. ನಿಶ್ಚಯದ ದಿನ ಅಮರಗೋಳದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ, ಕೈ ದೊಡ್ಡದು, ಬುದ್ಧಿ ಅವಸರದ್ದು, ಬೀಗರಿಗೆಂದು ದೊಡ್ಡ ಡಬ್ಬಿ ತುಂಬ ಪೇಡೆ ಒಯ್ದ. ಹುಬ್ಬಳ್ಳಿಯಲ್ಲಿ ಕೊಂಡ ಪೇಡೆ. ಧಾರವಾಡಕ್ಕೆ!

ಹುಡುಗನ ದೊಡ್ಡಪ್ಪ ಡಬ್ಬಿಯ ಮುಚ್ಚಳ ತೆಗೆದರು, ನೋಡಿದರು, ಮುಚ್ಚಿದರು. "ಪೇಡೆ ತಂದೀರಿ. ಇರಲಿ. ಹುಡುಗರು ಚೆಂಡಾಡ್ತಾವ."

ಸೋದರಮಾವ ಸುಮ್ಮನಿರುವ ಪೈಕಿ ಅಲ್ಲ. "ಯಾಕ್ರಿ, ನಿಮ್ಮೂರಾಗ ಎಮ್ಮಿ ಸಕ್ಕರಿ ಹಾಕೇ ಹಾಲು ಹಿಂಡತಾವೇನ್ರಿ?"

ಅಲ್ಲಿಂದ ಹತ್ತಿಕೊಂಡಿತು. ಅಕ್ಷತೆಯ ಹಿಂದಿನ ದಿನ ಮಧ್ಯಾಹ್ನ ಬೀಗರನ್ನು ಎದುರುಗೊಂಡು ಉಣಿಸುವುದು ನಮ್ಮಲ್ಲಿಯ ಪದ್ಧತಿ. "ಆ ಮನುಷ್ಯ ಇದ್ದ ಪಂಕ್ತಿಯೊಳಗ ನನ್ನ ಮಾನಕ್ಕ ಒಂದು ಮಾತು ಬಂತಂದ್ರ ಎಲಿ ಬಿಟ್ಟು ಏಳ್ತೇನಿ, ನಮ್ಮ ಮಂದಿನೂ ಏಳ್ತದ" ಎಂದು ದೊಡ್ಡಪ್ಪ ಹೇಳಿಕಳಿಸಿದರು. "ನಾ ಹೆಣ್ಣಿನ ಸೋದರಮಾವ. ಅದs ಪಂಕ್ತ್ಯಾಗ ಕೂಡಾಂವ" ಎಂದ ಇವನು. ಬೀಗರು ಎಲೆ ಬಿಟ್ಟು ಎದ್ದರೆ ಮರುದಿನ ಅಕ್ಷತೆ ಇಲ್ಲ. ಅಷ್ಟು ನಿಚ್ಚಳವಾಗಿತ್ತು.

ಅಪ್ಪ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಮಾತು ಕಡಿಮೆ. ಎಲ್ಲ ಕೇಳಿ, ಪೇಪರಿನ ಹಾಳೆ ತಿರುವುತ್ತ, "ಹೋದ್ರ ಹೋಗ್ಲಿ ಬಿಡು. ನಿನಗ ನೌಕರಿ ಐತಿ" ಎಂದರು. ಆ ಮಾತು ಮುಳ್ಳಿನ ಹಾಗೆ ನಟ್ಟಿತು. ಮಗಳ ಮದುವೆ ಮುರಿಯುತ್ತಿದ್ದರೆ ಇಷ್ಟೇ ಏನು ಇವರಿಗೆ ಎಂದು ಬಹಳ ವರ್ಷ ಅಪ್ಪನ ಮೇಲೆ ಸಿಟ್ಟು ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಕಾಕಾ ಸ್ವೆಟರ್ ಸಮೇತ ಮೇಲೆ ಬಂದರು. ಕೈಯಲ್ಲಿ ರಟ್ಟಿನ ತುಂಡು, ಕಿವಿಯಲ್ಲಿ ಪೆನ್ಸಿಲ್.

"ಅಕ್ಕೋರ, ಮೊದಲ ಪಂಕ್ತಿಗೆ ಯಾರ್ಯಾರು ಕೂಡೋರು, ಲಗೂನ ಹೇಳ್ರಿ."

ಹೇಳುತ್ತ ಹೋದೆ. ಅವರು ಕೆಲವರಿಗೆ ಪ್ಲಸ್, ಕೆಲವರಿಗೆ ಮೈನಸ್ ಗುರುತು ಹಾಕುತ್ತ ಹೋದರು. ಪ್ಲಸ್ ಯಾರು ಎಂದು ಕೇಳಿದೆ.

"ಧಾರವಾಡದವ್ರು. ಉಬ್ಬೂದು ಅವರs ಅಲ್ಲೇನ್ರಿ? ಆ ದೊಡ್ಡಪ್ಪನ ಎರಡೂ ಮಗ್ಗಲ ನಮ್ಮವ್ರು ಇರಬೇಕು, ಒಂದು ಕಡಿ ನಾ, ಇನ್ನೊಂದು ಕಡಿ ನಿಮ್ಮ ಸೋದರಮಾವ, ಎರಡೂ ಕಡಿಂದ ಉಪಚಾರ ಆಗಬೇಕು. ದೂರ ಇಟ್ರ ಕರೆಂಟ್ ಹರಿಯಂಗಿಲ್ಲ. ತುದಿಗೆ ನಾವ."

"ಸಪರೇಟರ್?"

"ನಿಮ್ಮ ಸಾಲಿ ಮಾಸ್ತರ್‍ನ ಕರೀರಿ. ಅವ್ರು ಆ ಕಡಿಯವ್ರಲ್ಲ, ಈ ಕಡಿಯವ್ರಲ್ಲ. ಊಟಕ್ಕ ಕುಂತ ಮ್ಯಾಲ ಮಾಸ್ತರು ತಲಿ ಎತ್ತಿದ್ದು ನಾ ಇನ್ನೂ ನೋಡಿಲ್ಲ."

ನನ್ನ ಸಹೋದ್ಯೋಗಿಗಳ ಬಗ್ಗೆ ಹೀಗೆ ಅಂದದ್ದಕ್ಕೆ ಸಿಟ್ಟು ಬರಬೇಕಿತ್ತು. ಆದರೆ ಮಾತು ಖರೆ ಇತ್ತು. ಏಳು ಮಂದಿ ಮಾಸ್ತರರನ್ನು ಕರೆದೆ. ಏಳಕ್ಕೆ ಏಳೂ ಮಂದಿ ಬಂದರು.

ಊಟದ ದಿನ ಕಾಕಾ ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೇ ಕೈಹಿಡಿದು ಒಯ್ದು ಕೂಡಿಸಿದರು. ದೊಡ್ಡಪ್ಪನ ಎಡಕ್ಕೆ ನಮ್ಮ ಹಿಂದಿ ಮಾಸ್ತರರು, ಅವರಾಚೆ ಸ್ವತಃ ಕಾಕಾ. ಬಲಕ್ಕೆ ಡ್ರಿಲ್ ಮಾಸ್ತರರು, ಅವರಾಚೆ ಸೋದರಮಾವ. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಕಾಕಾ ಒಂದೇ ಸಮನೆ "ತುಪ್ಪ ನೀಡ್ರಿ ಇವರಿಗೆ, ಬಿಸೀದು ಹಾಕ್ರಿ" ಎನ್ನುತ್ತಿದ್ದರು. ಸೋದರಮಾವ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಎಲೆ ನೋಡುತ್ತಿದ್ದ. ಬರೀ ಒಂದೇ ಮಗ್ಗಲಿನ ಉಪಚಾರ. ದೊಡ್ಡಪ್ಪ ನಿಧಾನವಾಗಿ ಕಾಕಾನ ಕಡೆಗೆ ವಾಲತೊಡಗಿದರು. ಸೋದರಮಾವನ ಕಡೆಗೆ ಪೂರಾ ಬೆನ್ನು. ಅದನ್ನು ಕಂಡು ಇವನ ಮೂಗಿನ ಹೊಳ್ಳೆ ಅರಳಿದವು. ಬಾಗುತ್ತಿದೆ, ಇನ್ನು ಸುಡುತ್ತದೆ ಎಂದುಕೊಂಡೆ.

ಆಗ ಡ್ರಿಲ್ ಮಾಸ್ತರರು ತಲೆ ಎತ್ತದೆ, ಕೈಯೊಂದನ್ನೇ ಎತ್ತಿ, "ಇನ್ನೊಂದೆರಡು ಹೋಳಿಗಿ" ಎಂದರು. ಅವರ ಎಲೆಗೆ ಬಿದ್ದದ್ದು ಹನ್ನೊಂದನೆಯದು, ಹನ್ನೆರಡನೆಯದು. ದೊಡ್ಡಪ್ಪ ತಿರುಗಿ ನೋಡಿದರು. ಸೋದರಮಾವನೂ ನೋಡಿದ. ಹದಿಮೂರನೆಯದಕ್ಕೆ ಕೈ ಮತ್ತೆ ಮೇಲೆದ್ದಾಗ, ದೊಡ್ಡಪ್ಪ ಆ ಬಾಗಿದ ಬೆನ್ನಿನ ಮೇಲಿಂದ ಸೋದರಮಾವನಿಗೆ ಪಿಸುಗುಟ್ಟಿದರು:

"ಏನ್ರಿ, ಇವರು ನಿಮ್ಮ ಪೈಕಿಯವರೇನು?"

"ಅಯ್ಯ, ನಮ್ಮವರಲ್ರಿ! ನಿಮ್ಮ ಪೈಕಿ ಅಂತ ತಿಳಿದು ನಾ ಸುಮ್ನ ಕುಂತೇನಿ."

"ನಮ್ಮ ಪೈಕಿ ಇಂಥಾ ಹೊಟ್ಟಿ ಯಾರಿಗೂ ಇಲ್ಲರಿ!"

ಮೊದಲು ನಕ್ಕವರು ಯಾರೋ ತಿಳಿಯದು. ಇಬ್ಬರ ಹೆಗಲೂ ಕುಣಿಯುತ್ತಿದ್ದವು. ಮುಂದಿನ ಹೋಳಿಗೆಗಳನ್ನು ಇಬ್ಬರೂ ಕೂಡಿಯೇ ಎಣಿಸಿದರು. ಮರುದಿನ ಅಕ್ಷತೆ ಬಿತ್ತು. ಡ್ರಿಲ್ ಮಾಸ್ತರರಿಗೆ ತಾವು ಮಾಡಿದ ಉಪಕಾರ ಇಂದಿಗೂ ಗೊತ್ತಿಲ್ಲ. ಆ ಇಬ್ಬರು ಹಿರಿಯರಂತೂ ಎಂಥ ಗೆಳೆಯರಾದರೆಂದರೆ, ಪ್ರತಿ ಪಂಚಮಿಗೆ ಕೂಡಿಯೇ ನನ್ನ ಮನೆಗೆ ಬಂದು, ನಾನು ಕಟ್ಟಿದ ಉಂಡಿ ಗಟ್ಟಿಯಾಯಿತೆಂದು ಒಕ್ಕೊರಲಿನಿಂದ ಹೆಸರಿಡುತ್ತಿದ್ದರು.

ಆಮೇಲೆ ತೆರೆಯಲಾಗದ, ನೀರು ಹಾಕುವ ಗೊಡವೆಯಿಲ್ಲದ ಬ್ಯಾಟರಿಗಳು ಬಂದವು. "ಒಳಗ ಏನೈತಿ ಅಂತ ನೋಡಾಕ ಬರದಿದ್ದ ಮ್ಯಾಲ ಅದು ಬ್ಯಾಟರಿ ಅಲ್ರಿ, ಗುಂಡಕಲ್ಲು" ಎಂದು ಕಾಕಾ ಅಂಗಡಿ ಮುಚ್ಚಿ ಕೇಶ್ವಾಪುರದ ಮಗಳ ಮನೆ ಸೇರಿದರು. ಕೆಲ ವರ್ಷದ ಮೇಲೆ ಅವರ ಎದೆಬಡಿತ ತಪ್ಪತೊಡಗಿ, ಡಾಕ್ಟರರು ಎದೆಯೊಳಗೆ ಪೇಸ್‌ಮೇಕರ್ ಇಟ್ಟರು. ನೋಡಲು ಹೋದರೆ ಮುಖ ಗಂಟು ಹಾಕಿಕೊಂಡು ಮಲಗಿದ್ದರು.

"ಅಕ್ಕೋರ, ನನ್ನ ಎದ್ಯಾಗ ಸೀಲ್ ಮಾಡಿದ ಬ್ಯಾಟರಿ ಇಟ್ಟಾರ. ಪ್ಲೇಟ್ ಎಷ್ಟು ಅದಾವ್ರಿ ಅಂತ ಕೇಳಿದೆ. ಡಾಕ್ಟರ್‍ಗೇ ಗೊತ್ತಿಲ್ಲ!"

ಇಬ್ಬರೂ ನಕ್ಕೆವು. ಅಪ್ಪ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಮಾತು ಮದುವೆಯ ಕಡೆ ಹೊರಳಿದಾಗ ನಾನು ಹೇಳಿಬಿಟ್ಟೆ: "ಹೆತ್ತ ಅಪ್ಪ ಹೋದ್ರ ಹೋಗ್ಲಿ ಅಂದ. ನೀವು ಯಾಕ ಅಷ್ಟು ಬಡದಾಡಿದ್ರಿ ಕಾಕಾ?"

ಕಾಕಾ ಎದ್ದು ದಿಂಬಿಗೆ ಒರಗಿ ಕೂತರು.

"ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಈಗ ಅವರs ಇಲ್ಲ. ಹೋದ್ರ ಹೋಗ್ಲಿ ಅಂದ ದಿನs ಸಂಜಿಮುಂದ ನಿಮ್ಮಪ್ಪಾರು ಕೆಳಗ ಅಂಗಡಿಗೆ ಬಂದ್ರು. ಹಿಂದ, ಚಾರ್ಜಿಗೆ ಹಚ್ಚೂ ಖೋಲ್ಯಾಗ ಹೋಗಿ ಕುಂತು, ಕೂಸಿನಂಗ ಅತ್ತರು. ನಾ ಒಳಗ ಹೋದೆ. ಆಸಿಡ್ ವಾಸನಿ ಕಣ್ಣಿಗೆ ಬಡದೈತಿ ಅಂದ್ರು. ಹೌದ್ರಿ, ಇವತ್ತು ಭಾಳ ಐತಿ ಅಂದೆ."

ಅದಾದ ಎರಡು ತಿಂಗಳಿಗೆ ಕಾಕಾ ಹೋದರು. ಗಂಡ, ಮನೆ, ಮಕ್ಕಳು, ಎಲ್ಲವೂ ಅವರಿಂದಲೇ ಉಳಿದದ್ದು ಎಂದು ನಾನು ಎಲ್ಲರ ಮುಂದೆ ಹೇಳುತ್ತೇನೆ. ಅವರು ನನಗೆ ಅಪ್ಪನನ್ನೂ ಕೊಟ್ಟು ಹೋದರು ಎಂಬುದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.