‘ಇಲ್ಲೆ’ ಅಂದರೆ ಎಲ್ಲಿ

ಆಗೆಲ್ಲ ಬಾಡಿಗೆ ಮನೆ ಹುಡುಕುವುದು ಕಾಲಿನ ಕೆಲಸವಾಗಿತ್ತು, ಫೋನಿನದ್ದಲ್ಲ. ಫೋನೇನೋ ಬಂದಿತ್ತು, ಆದರೆ ಮಿಸ್ಡ್ ಕಾಲ್ ಕೊಡುವುದು ಬಿಟ್ಟು ಅದರ ಬೇರೆ ಉಪಯೋಗ ನಮ್ಮಂಥವರಿಗೆ ಗೊತ್ತಿರಲಿಲ್ಲ. ಮನೆ ಬೇಕಾದವರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹೆಂಡತಿ ಮಕ್ಕಳನ್ನು ಸಾಲಾಗಿ ಹಿಂದೆ ಕಟ್ಟಿಕೊಂಡು, ಕಂಡವರ ಗೇಟಿನ ಮುಂದೆ ನಿಲ್ಲಬೇಕಿತ್ತು. ನಿಮ್ಮಲ್ಲೂ ಹಾಗೆ ನಿಂತು ಬೆಳೆದವರು ಇದ್ದೀರಿ, ಗೊತ್ತು.

ಅಪ್ಪ ವೆಲ್ಡರ್. ಹಾವೇರಿ ಕಡೆಯ ನಮ್ಮ ಊರಲ್ಲಿ ಕೆಲಸ ಕಡಿಮೆಯಾಗಿ, ಶಿರಸಿಯಲ್ಲಿ ಯಲ್ಲಾಪುರ ರಸ್ತೆಯ ಗ್ರಿಲ್ ಶೆಡ್ಡೊಂದಕ್ಕೆ ಬಂದು ಸೇರಿದ. ಬೇಸಿಗೆ ರಜೆ ಶುರುವಾಗುತ್ತಲೇ ಅವ್ವ, ನಾನು, ತಂಗಿ ಲಕ್ಷ್ಮಿ ಗಂಟುಮೂಟೆ ಕಟ್ಟಿಕೊಂಡು ಬಂದೆವು. ಮನೆ ಸಿಗುವತನಕ ಶೆಡ್ಡಿನ ಮೂಲೆಯಲ್ಲೇ ಇರಿ, ಮಳೆ ಬೀಳುವುದರೊಳಗೆ ಜಾಗ ಬಿಡಿ ಎಂದಿದ್ದರು ಸಾಹುಕಾರರು. ತಗಡಿನ ಮಾಡು, ಮೂರು ಕಡೆ ಬಯಲು. ಸುಟ್ಟ ಕಬ್ಬಿಣದ ವಾಸನೆ, ಕೆಂಪು ಬಣ್ಣದ ವಾಸನೆ ಉಣ್ಣುವ ಅನ್ನಕ್ಕೂ ಹತ್ತುತ್ತಿತ್ತು. ಸುತ್ತ ಬೆಸೆದು ಒರಗಿಸಿಟ್ಟ ಯಾರ್ಯಾರದೋ ಮನೆಯ ಗೇಟು, ಯಾರ್ಯಾರದೋ ಕಿಟಕಿ. ಅವುಗಳ ನಡುವೆ ನಾನೂ ಲಕ್ಷ್ಮಿಯೂ ಮನೆಯಾಟ ಆಡುತ್ತಿದ್ದೆವು. ಗೇಟುಗಳು ಬೇಕಾದಷ್ಟಿದ್ದವು, ಮನೆಯೇ ಇರಲಿಲ್ಲ.

ಹೇಳಬೇಕಾದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಅವ್ವನನ್ನು ಹೊಡೆಯುತ್ತಿದ್ದ. ಊರಲ್ಲಿ ಅವನು ಬಾಗಿಲು ಮುಚ್ಚಿದ ಸದ್ದು ಕೇಳಿದರೆ ನಾನು ಲಕ್ಷ್ಮಿಯ ಕಿವಿ ಮುಚ್ಚುತ್ತಿದ್ದೆ. ಬೆಲ್ಟು, ಸೌದೆ, ಒಮ್ಮೆ ರೊಟ್ಟಿಯ ಕಾದ ಹಂಚು. ಬಾಗಿಲು ತೆರೆದ ಮೇಲೆ ಅವನಷ್ಟು ಸಂಭಾವಿತ ಇಡೀ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಶೆಡ್ಡಿಗೆ ಬಾಗಿಲೇ ಇಲ್ಲದ್ದರಿಂದ ಆ ಬೇಸಿಗೆ ಅವನ ಕೈ ಕಟ್ಟಿಹೋಗಿತ್ತು. ಅವ್ವನ ತೋಳಿನ ಕಲೆಗಳು ಹಳದಿಗೆ ತಿರುಗಿ ಕೊನೆಗೆ ಮಾಯವೇ ಆದವು. ಅವಳಿಗೆ ಮರೆಯಲ್ಲಿ ಮೈತೊಳೆಯಲು ಒಂದು ಮನೆಯೂ ಬೇಕಿತ್ತು, ಆ ಮನೆಯ ಬಾಗಿಲಿನ ಹೆದರಿಕೆಯೂ ಇತ್ತು. ಮನೆ ಸಿಗಲಿ ಎಂದು ಲಕ್ಷ್ಮಿ ದೇವರಿಗೆ ಕೈಮುಗಿದರೆ, ಸಿಗದಿರಲಿ ಎಂದು ನಾನು ಮುಗಿಯುತ್ತಿದ್ದೆ.

ಕೆಲಸವಿಲ್ಲದ ದಿನ ಅಪ್ಪ ನಮ್ಮನ್ನು ಮೆರವಣಿಗೆ ಹೊರಡಿಸುತ್ತಿದ್ದ. ಸಂಸಾರಸ್ಥರಿಗೆ ಮನೆ ಬೇಗ ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ಎಲ್ಲ ಕಡೆಯೂ ಅವೇ ಪ್ರಶ್ನೆ: ಯಾವ ಕಡೆಯವರು, ಯಾವ ಪೈಕಿ ಅಂದರೆ ಯಾವ ಜಾತಿ, ಮೀನು ಮಾಂಸ ಉಂಟೋ, ಗಂಡಸು ಕುಡಿಯುತ್ತಾನೋ. ಹೆಂಡತಿಯನ್ನು ಹೊಡೆಯುತ್ತಾನೋ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಮ್ಮ ಕೈಗೆಟಕುವ ಬಾಡಿಗೆಯ ಮನೆಗೆ ಪೈಕಿ ಅಡ್ಡ ಬರುತ್ತಿತ್ತು, ಪೈಕಿ ಕೇಳದ ಮನೆ ಕೈಗೆಟಕುತ್ತಿರಲಿಲ್ಲ. ಗೇಟಿನೊಳಗೆ ಕೈಮುಗಿದು ನಗುತ್ತಿದ್ದ ಅಪ್ಪ ರಸ್ತೆಗೆ ಬಂದವನೇ ಎದುರಿಗೆ ಸಿಕ್ಕ ನಾಯಿಯನ್ನು ಒದೆಯುತ್ತಿದ್ದ. ನಾಯಿ ಸಿಗದಿದ್ದರೆ ನನ್ನ ತೋಳು ಚಿವುಟುತ್ತಿದ್ದ.

ಹಾಗೇ ಒಂದು ಬೆಳಿಗ್ಗೆ ಹುಲೇಕಲ್ ರಸ್ತೆಯಲ್ಲಿ ಊರ ಅಂಚಿಗೆ ಹೋದೆವು. ಒಂದು ಮನೆಯ ಅಂಗಳದಲ್ಲಿ ಅಜ್ಜಿಯೊಬ್ಬರು ಚಾಪೆಯ ಮೇಲೆ ಹಲಸಿನಕಾಯಿ ಹಪ್ಪಳ ಹರವುತ್ತಿದ್ದರು. ಹಿಂದೆ ಎರಡು ಕೋಣೆಯ ಸಣ್ಣ ಮನೆ, ಚಿಲಕ ಹಾಕಿತ್ತು, ಬೀಗವಿರಲಿಲ್ಲ. ಅಜ್ಜಿಗೆ ತಮ್ಮ ಮನೆಮಾತು ಬಿಟ್ಟು ಬೇರೆ ಕನ್ನಡ ಬರುತ್ತಿರಲಿಲ್ಲ. ಅಪ್ಪ ಬಾಡಿಗೆಗೆ ಮನೆ ಐತೇನ್ರಿ ಎಂದು ಕೇಳಿದ. ಅದೇ ಹೊತ್ತಿಗೆ ಆ ಸಣ್ಣ ಮನೆಯ ಮಾಡಿನ ಮೇಲೆ ಕಾಗೆ ಬಂದು ಕೂತಿತು. ಅಜ್ಜಿ ಅತ್ತ ಕೈ ಬೀಸುತ್ತ ಹೇಳಿದರು:

“ಬಾಡಿಗೆಗೆ ಕೊಡ ಮನೆ ಇಲ್ಲೆ.”

ನಮ್ಮ ಕಡೆ ‘ಇಲ್ಲೆ’ ಅಂದರೆ ಇಲ್ಲಿಯೇ, ಈ ಜಾಗದಲ್ಲೇ. ಅಪ್ಪನ ಮುಖ ಅರಳಿತು. ಕೈಮುಗಿದು, ಸಾಮಾನು ತರ್ತೀವ್ರಿ ಅಂದ. ಅಜ್ಜಿಗೆ ಅದು ಎಷ್ಟು ಕೇಳಿಸಿತೋ, ತಲೆಯಾಡಿಸಿ ಮತ್ತೆ ಹಪ್ಪಳಕ್ಕೆ ಬಗ್ಗಿದರು. ಬಾಡಿಗೆ ಎಷ್ಟೆಂದು ಅವ್ವ ಕೇಳಿದ್ದಕ್ಕೆ ಅಪ್ಪ, ಗಂಡಸರು ಬಂದ ಮೇಲೆ ಮಾತಾಡಿದರಾಯಿತು, ಮೊದಲು ಒಳಗೆ ಕಾಲಿಡೋಣ ಎಂದ. ಮಧ್ಯಾಹ್ನದೊಳಗೆ ಲಗೇಜ್ ರಿಕ್ಷಾದಲ್ಲಿ ನಮ್ಮ ಸಂಸಾರ ಬಂದಿಳಿಯಿತು. ತಮ್ಮ ಮಗನೇ ನಮ್ಮನ್ನು ಒಪ್ಪಿ ಕಳಿಸಿರಬೇಕು ಎಂದುಕೊಂಡರಂತೆ ಅಜ್ಜಿ. ಇದನ್ನು ಅವರು ಎಷ್ಟೋ ದಿನದ ಮೇಲೆ ಹೇಳಿದ್ದು.

ಅವ್ವ ಕಸ ಹೊಡೆಯುತ್ತಿದ್ದಳು, ಅಪ್ಪ ಒಳಗೆ ಮೊಳೆ ಬಡಿಯುತ್ತಿದ್ದ. ಅವರ ಕಡೆ ಹೆಣ್ಣುಮಕ್ಕಳನ್ನು ಕರೆಯುವಂತೆ ಅಜ್ಜಿ ನನ್ನನ್ನು “ಕೂಸೆ” ಎಂದು ಕರೆದು ಕಾಗೆ ಕಾಯಲು ಕೂರಿಸಿ, ಕೆಂಡದ ಮೇಲೆ ಸುಟ್ಟ ಹಪ್ಪಳಕ್ಕೆ ಕೊಬ್ಬರಿ ಎಣ್ಣೆ ಸವರಿ ಕೊಟ್ಟರು. ಎಷ್ಟು ರುಚಿ ಅಂತೀರಿ. ಇನ್ನೊಂದು ಐತೇನ್ರಿ ಅಂದೆ. “ಇಲ್ಲೆ” ಅಂದರು. ನಾನು ಚಾಪೆಯ ಆಚೆ ಈಚೆ ಹುಡುಕಿದೆ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕು, ಡಬ್ಬಿ ಬೋರಲು ಹಾಕಿ ತೋರಿಸಿದರು. ಖಾಲಿ. ಹಾಗಾದರೆ ಬೆಳಿಗ್ಗೆ ಹೇಳಿದ ಮನೆಯೂ ಹೀಗೆಯೇ. ಓಡಿಹೋಗಿ ಅವ್ವನ ಕಿವಿಯಲ್ಲಿ ಹೇಳಿದೆ.

ಅವ್ವನ ಪೊರಕೆ ನಿಂತಿತು. ಅಪ್ಪನಿಗೆ ಹೇಳಬ್ಯಾಡ ಎಂದಳು. ನೀನು ತಪ್ಪು ತಿಳಿದೆ ಎಂದು ಅಪ್ಪನಿಗೆ ಹೇಳುವುದಕ್ಕಿಂತ ಹಾವಿನ ಹುತ್ತಕ್ಕೆ ಕೈ ಹಾಕುವುದು ವಾಸಿ. ಸಂಜೆ ತಾನೇ ಅಜ್ಜಿಯ ಹತ್ತಿರ ಹೋಗಿ ಬೇಡಿಕೊಳ್ಳುತ್ತೇನೆಂದು ಸ್ಟೌ ಹಚ್ಚಿ ಬೇಳೆ ಇಟ್ಟಳು.

ಬೇಳೆ ಬೇಯುವುದರೊಳಗೆ ಅಜ್ಜಿಯ ಮಗ ಬಂದ. ಪೇಟೆಯಲ್ಲಿ ಅಂಗಡಿ ಇಟ್ಟವನು. ಹಿಂದಿನ ಬಾಡಿಗೆಯವನು ಮನೆ ಬಿಡದೆ ಸತಾಯಿಸಿ, ಹೊಡೆದಾಟವಾಗಿ, ಆಗಷ್ಟೇ ಹೋಗಿದ್ದನಂತೆ. ನಮ್ಮನ್ನು ಒಳಗೆ ನುಗ್ಗಿಸಿದ್ದು ಆ ಹಳೆಯ ಬಾಡಿಗೆಯವನೇ ಎಂದು ಈತ ತಿಳಿದ. ಬೈಕು ಕೆಡವಿಯೇ ಬಂದ. ಒಂದೇ ಒದೆತಕ್ಕೆ ಸ್ಟೌ ಅಂಗಳಕ್ಕೆ ಬಿತ್ತು, ಬಿಸಿ ಬೇಳೆ ಅವ್ವನ ಕಾಲಿಗೆ ಹಾರಿತು. ಟ್ರಂಕು, ಹಾಸಿಗೆ, ಹಿತ್ತಾಳೆ ಕೊಡ ಒಂದೊಂದಾಗಿ ಹೊರಗೆ ಬಂದವು. ತಡೆಯಹೋದ ಅಪ್ಪನಿಗೆ ಕೆನ್ನೆಗೊಂದು ಬಿತ್ತು. ಅಪ್ಪ ಚೀಲದಿಂದ ಸುತ್ತಿಗೆ ತೆಗೆದ. ಏಟು ಆ ಮನುಷ್ಯನ ಹುಬ್ಬಿನ ಮೇಲೆ ಕೂತು ಚರ್ಮ ಬಿರಿಯಿತು, ರಕ್ತ ಹಪ್ಪಳದ ಮೇಲೆಲ್ಲ ತೊಟ್ಟಿಕ್ಕಿತು. ಅವನು ಸೌದೆ ತುಂಡು ಎತ್ತಿ ಅಪ್ಪನ ಮಣಿಕಟ್ಟಿಗೆ ಬಾರಿಸಿದ. ಮೂಳೆಯ ಸದ್ದು ನನಗೆ ಕೇಳಿಸಿತು. ಲಕ್ಷ್ಮಿ ನಿಂತಲ್ಲೇ ಉಚ್ಚೆ ಮಾಡಿಕೊಂಡಳು. ರಸ್ತೆಯಲ್ಲಿ ಜನ ಸೇರಿದರು.

ಮನೆ ಇಲ್ಲೆ ಎಂದೇ ಹೇಳಿದ್ದೆ ಎಂದು ಅಜ್ಜಿ ಕೂಗುತ್ತಿದ್ದರು. ನೋಡ್ರಿ, ಮನಿ ಇಲ್ಲೆ ಅಂತ ಅಕೀನ ಒಪ್ಪಿಕೊಳ್ಳಾಕತ್ತಾಳ ಎಂದು ಅಪ್ಪನೂ ಕೂಗುತ್ತಿದ್ದ. ಇಬ್ಬರದೂ ಒಂದೇ ಮಾತು. ಅದನ್ನು ಹೇಳಿಕೊಂಡೇ ಗಂಡಸರು ಬಡಿದಾಡುತ್ತಿದ್ದರು. ಆಗ ಅವ್ವ ಅಂಗಳದ ನಡುವೆ ಬಂದು ನಿಂತಳು.

“ಇಲ್ಲೆ ಅಂದ್ರ ಈ ಕಡೆಯವರ ಮಾತಿನ್ಯಾಗ ‘ಇಲ್ಲ’ ಅಂತ. ನನಗ ಮಧ್ಯಾಹ್ನನ ಗೊತ್ತಾಗೇತಿ. ನಿಮಗ ಹೇಳಾಕ ಅಂಜಿಕಿ ಆತು.”

ರಸ್ತೆಯಲ್ಲಿ ಯಾರೋ ನಕ್ಕರು. ಆ ನಗು ಅಪ್ಪನ ಬೆನ್ನಿಗೆ ಬಿತ್ತು. ಬಾಗಿಲು ಮುಚ್ಚಿಲ್ಲ, ಊರೇ ನೋಡುತ್ತಿದೆ ಎಂಬುದನ್ನು ಅವನು ಮೊದಲ ಸಲ ಮರೆತ. ಮುರಿಯದ ಕೈಯಿಂದ ಅವ್ವನ ತುರುಬು ಹಿಡಿದು ಬಗ್ಗಿಸಿ, ಮೊಣಕಾಲಿನಿಂದ ಮುಖಕ್ಕೆ ಗುದ್ದಿದ. ಇನ್ನೊಮ್ಮೆ ಗುದ್ದಿದ. ಅವ್ವನಿಗೆ ಅಭ್ಯಾಸವಾಗಿತ್ತು, ಕೂಗಲಿಲ್ಲ. ನಾನು ಅಪ್ಪನ ತೊಡೆಯನ್ನು ಕಚ್ಚಿ ಹಿಡಿದೆ, ಅವನು ಒದ್ದ ರಭಸಕ್ಕೆ ಬಾವಿಕಟ್ಟೆಗೆ ಹೋಗಿ ಬಿದ್ದೆ. ಹುಬ್ಬು ಒತ್ತಿಕೊಂಡು ನಿಂತಿದ್ದ ಅಜ್ಜಿಯ ಮಗ ಸೌದೆಯನ್ನು ಕೆಳಗೆ ಹಾಕಿಬಿಟ್ಟ. ಆ ಹೊಡೆತ ನೋಡಿ ಅವನಿಗೇ ಗಾಬರಿಯಾಗಿತ್ತು.

ಅಜ್ಜಿ ಮಾತ್ರ ತಮ್ಮ ಹಪ್ಪಳಗಳನ್ನು ತುಳಿದುಕೊಂಡೇ ಬಂದರು. ಕೈಯಲ್ಲಿ ಹಪ್ಪಳ ಒತ್ತುವ ಮಣೆಯಿತ್ತು. ಅಪ್ಪನ ಮೊಣಕೈಗೆ ಅಪ್ಪಳಿಸಿದರು. ತುರುಬು ಹಿಡಿದ ಕೈ ಸಡಿಲವಾಯಿತು. ಅವ್ವನನ್ನು ಬೆನ್ನ ಹಿಂದೆ ಹಾಕಿಕೊಂಡು, ನಮ್ಮಿಬ್ಬರ ಕಡೆ ಬೆರಳು ತೋರಿಸಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದರು:

“ಇವಕ್ಕೆ ಮನೆ ಇದ್ದು. ನಿಂಗೆ ಇಲ್ಲೆ.”

ಈ ಸಲ ಅಪ್ಪನಿಗೆ ಸರಿಯಾಗಿ ಅರ್ಥವಾಯಿತು. ಮಗ ಏನೋ ಹೇಳಹೋದ, ಅಜ್ಜಿ ಅವನತ್ತಲೂ ಮಣೆ ಎತ್ತಿದರು. ಅಪ್ಪ ಮುರಿದ ಕೈಯನ್ನು ಎದೆಗವಚಿಕೊಂಡು ಗೇಟು ದಾಟಿದ. ಕೆಲವು ದಿನ ಶೆಡ್ಡಿನಲ್ಲಿದ್ದು ಹುಬ್ಬಳ್ಳಿ ಕಡೆ ಹೋದನೆಂದು ಸುದ್ದಿ. ಒಮ್ಮೆ ಬಂದು ಗೇಟಿನ ಹೊರಗೆ ನಿಂತಿದ್ದ. ನಾವು ಯಾರೂ ಒಳಗೆ ಕರೆಯಲಿಲ್ಲ.

ಅಜ್ಜಿ ದೇವತೆಯೇನಲ್ಲ. ಮೊದಮೊದಲು ನಮ್ಮನ್ನು ಬಾವಿಯ ಹಗ್ಗ ಮುಟ್ಟಗೊಡಲಿಲ್ಲ, ನೀರು ತಾವೇ ಸೇದಿ ಎತ್ತರದಿಂದ ಸುರಿಯುತ್ತಿದ್ದರು. ಮೂಗಿನ ಬಾವು ಇಳಿಯುವ ಮೊದಲೇ ಅವ್ವನನ್ನು ಹಿಟ್ಟು ಕುಟ್ಟಲು, ಹಪ್ಪಳ ಒತ್ತಲು ಕೂರಿಸಿ, ದಪ್ಪವಾಯಿತು, ತೆಳ್ಳಗಾಯಿತು ಎಂದು ಬೈದರು. ಮಗ ಬಾಡಿಗೆಯನ್ನು ಮುಖ ಗಂಟಿಕ್ಕಿಕೊಂಡೇ ತೆಗೆದುಕೊಳ್ಳುತ್ತಿದ್ದ, ಹುಬ್ಬಿನ ಕಲೆ ಆಗ ಇನ್ನಷ್ಟು ಎದ್ದು ಕಾಣುತ್ತಿತ್ತು. ಆದರೂ ನಾನು ಹತ್ತನೇ ತರಗತಿ ಮುಗಿಸುವತನಕ ನಾವು ಆ ಎರಡು ಕೋಣೆಯಲ್ಲೇ ಇದ್ದೆವು. ಬಾಗಿಲು ಮುಚ್ಚಿಕೊಂಡು ನಿದ್ದೆ ಮಾಡಲು ನಾನು ಅಲ್ಲಿ ಕಲಿತೆ.

ಅಜ್ಜಿ ಈಗಿಲ್ಲ. ಆ ಜಾಗದಲ್ಲಿ ಮಹಡಿ ಕಟ್ಟಡ ಎದ್ದಿದೆ. ಕಳೆದ ವರ್ಷ ಕೆಲಸದ ಮೇಲೆ ಯಲ್ಲಾಪುರಕ್ಕೆ ವರ್ಗವಾದಾಗ ನಾನು ಮನೆ ಹಿಡಿದದ್ದು ಫೋನಿನಲ್ಲಿ. ಚಿತ್ರ ನೋಡಿದೆ, ಮುಂಗಡ ಕಳಿಸಿದೆ, ಅಷ್ಟೇ. ಮಾಲೀಕರು ಮಂಗಳೂರಿನಲ್ಲಿದ್ದಾರೆ, ಅವರ ಮುಖ ನಾನು ಕಂಡಿಲ್ಲ. ಯಾವ ಪೈಕಿ ಎಂದು ಕೇಳಲಿಲ್ಲ, ಅದು ಒಳ್ಳೆಯದೇ. ಆದರೆ ಪಕ್ಕದ ಮನೆಯಲ್ಲಿ ಹೆಂಗಸಿನ ತಲೆ ಗೋಡೆಗೆ ಬಡಿಯುವ ಸದ್ದು ಕೇಳಿದಾಗ ಇಡೀ ಕಟ್ಟಡ ಟಿವಿಯ ಧ್ವನಿ ಏರಿಸಿತು. ನಾನು ಹೋಗಿ ಬಾಗಿಲು ಬಡಿದೆ. ನಿಮಗೆಂತ ಆಗಬೇಕು ಎಂದು ಕೇಳಿ ಅವನು ಮುಚ್ಚಿಕೊಂಡ. ಪೊಲೀಸರು ಬಂದರು, ಏನೂ ಇಲ್ಲ ಎಂದು ಅವಳೇ ಹೇಳಿ ಕಳಿಸಿದಳು. ಮಾಲೀಕರಿಗೆ ಫೋನ್ ಮಾಡಿದೆ.

“ಅದು ಅವರ ಮನೆ ವಿಷಯ ಮೇಡಂ. ಬಾಡಿಗೆ ಸರಿಯಾಗಿ ಬರ್ತಾ ಇದೆ.”

ಅಪ್ಪನನ್ನು ಕಳೆದುಕೊಂಡೆ ಎಂದು ನನಗೆ ಅಳು ಬಂದದ್ದಿಲ್ಲ. ಆ ದಿನ ಫೋನ್ ಇಟ್ಟು ಅತ್ತೆ. ಅಂಗಳ ಹೋಯಿತು, ಅಂಗಳದಲ್ಲಿ ಕೂತು ನಮ್ಮನ್ನು ಬೈಯುವವರು ಹೋದರು, ಅವರ ಜೊತೆಗೆ ಅಡ್ಡ ಬರುವವರೂ ಹೋದರು. ಮರುದಿನ ಆ ಹೆಂಗಸು ಬಟ್ಟೆ ಒಣಹಾಕಲು ತಾರಸಿಗೆ ಬಂದಾಗ ನನ್ನ ಮನೆಯ ಇನ್ನೊಂದು ಕೀಲಿಯನ್ನು ಅವಳ ಕೈಗಿಟ್ಟೆ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡಳು. ಇನ್ನೂ ಬಂದಿಲ್ಲ. ಗೋಡೆಯಾಚೆ ಸದ್ದು ಶುರುವಾದಾಗಲೆಲ್ಲ ನಾನು ಎದ್ದು ಹೋಗಿ ಅವನ ಬಾಗಿಲು ಬಡಿಯುತ್ತೇನೆ, ಬರುವಾಗ ನನ್ನ ಬಾಗಿಲನ್ನು ತೆರೆದೇ ಇಡುತ್ತೇನೆ.